ಬೇರೆ ಚೆಲ್ಲಿದ ಚರಗ

ಗೋವಾದಲ್ಲಿ ನಮಗೆ ಹೊಲ ಇರಲಿಲ್ಲ, ತಾರಸಿ ಇತ್ತು. ಅದೂ ನಮ್ಮದಲ್ಲ, ಮನೆ ಮಾಲೀಕರದು. ಎಳ್ಳ ಅಮಾವಾಸ್ಯೆಯ ದಿನ ಅಜ್ಜಿ ನಮ್ಮನ್ನೆಲ್ಲ ಬೇಗ ಎಬ್ಬಿಸಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಪಲ್ಯ, ಬಾನ ಎಂಬ ಮೊಸರು ಕಲಸಿದ ಅನ್ನ ಎಲ್ಲ ಕಟ್ಟಿಕೊಂಡು ಆ ತಾರಸಿ ಹತ್ತಿಸುತ್ತಿದ್ದಳು. ನೀರಿನ ಟ್ಯಾಂಕುಗಳ ನಡುವೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ‘ಇವರ ಪಾಂಡವ್ರು, ಕೈ ಮುಗೀರಿ’ ಅನ್ನುತ್ತಿದ್ದಳು. ಆಮೇಲೆ ಅಡುಗೆಯನ್ನೆಲ್ಲ ಒಂದು ಬುಟ್ಟಿಯಲ್ಲಿ ಕಲಸಿ, ಸೂರ್ಯ ಹುಟ್ಟುವ ದಿಕ್ಕಿಗೆ ತಿರುಗಿ, ‘ಹುಲಿಗ್ಯೋ’ ಎಂದು ಕೂಗಿ ಹಿಡಿ ಹಿಡಿ ಎಸೆಯುತ್ತಿದ್ದಳು. ಇದೇ ಚರಗ ಚೆಲ್ಲುವುದು. ಹಿಂಗಾರಿ ಬೆಳೆ ಎದೆಮಟ್ಟ ನಿಂತಾಗ ಹೊಲಕ್ಕೆ ಹೋಗಿ ಭೂಮಿತಾಯಿಗೆ ಉಣಿಸಿ, ತಾವೂ ಅಲ್ಲೇ ಕುಳಿತು ಉಂಡು ಬರುವ ಹಬ್ಬ. ಹೊಲವೇ ಇಲ್ಲದ ನಾವು ಅದನ್ನು ಮೂರು ತಲೆಮಾರು ಸಿಮೆಂಟಿನ ಮೇಲೆ ಮಾಡಿದೆವು.

ಕೆಳಗಿನ ಮನೆಯವರು ಅಂಗಳದಲ್ಲಿ ಮೀನು ಒಣಗಿಸುತ್ತಿದ್ದರು. ಭೂಮಿತಾಯಿಯ ಊಟ ಅರ್ಧ ಆ ಮೀನಿನ ಮೇಲೆ ಬೀಳುತ್ತಿತ್ತು, ಇನ್ನರ್ಧ ಕಾಗೆಗಳ ಪಾಲು. ಮಾಲೀಕರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕೊಂಕಣಿಯಲ್ಲಿ ಸಹಸ್ರನಾಮ ಶುರು ಮಾಡಿದರೆ ಅಜ್ಜಿ ನನ್ನ ಕಡೆ ತಿರುಗಿ, ‘ಆ ಬಾಯಿಯವ್ರಿಗೆ ಹೇಳವಾ, ನಾ ನಮ್ಮ ಹೊಲಕ್ಕ ಒಗದಿದ್ದೆ, ಗಾಳಿ ತಂದು ಅಲ್ಲಿ ಹಾಕೇತಿ’ ಅನ್ನುತ್ತಿದ್ದಳು. ನಾನು ಹೇಳುತ್ತಿರಲಿಲ್ಲ. ನನಗೂ ಆ ಮನೆಯಲ್ಲಿ ಇರಬೇಕಿತ್ತಲ್ಲ.

ಅಜ್ಜಿಯ ಲೆಕ್ಕದಲ್ಲಿ ಆ ತಾರಸಿಯಿಂದ ನೇರ ಮೂಡಲಕ್ಕೆ ಹೋದರೆ ಕುಕನೂರು, ಅಲ್ಲಿಂದ ಯಲಬುರ್ಗಾ ದಾರಿ ಹಿಡಿದರೆ ನಮ್ಮ ಊರು, ಊರ ಹಿಂದಿನ ಹಳ್ಳ ದಾಟಿದರೆ ಬನ್ನಿಗಿಡ ಇರುವ ಎರೆಹೊಲ. ಅದು ನಮ್ಮದು. ಅಜ್ಜ ರಸ್ತೆ ಕೆಲಸಕ್ಕೆಂದು ಗೋವಾಕ್ಕೆ ಹೊರಟಾಗ ಅದನ್ನು ತನ್ನ ಅಣ್ಣನಿಗೆ ಬಿಟ್ಟು, ‘ನೀ ಉತ್ತು ಉಣ್ಣು, ನಾ ಬಂದಾಗ ನೋಡೂಣು’ ಎಂದಿದ್ದನಂತೆ. ಬರಲೇ ಇಲ್ಲ. ಅಜ್ಜನೂ ಅವನ ಅಣ್ಣನೂ ಮಣ್ಣಾದರು. ಆ ಅಣ್ಣನ ಮಗನೇ ಈಗ ಊರಲ್ಲಿರುವ ನನ್ನ ದೊಡ್ಡಪ್ಪ.

ನಾವು ಊರಿಗೆ ವಾಪಸು ಬಂದದ್ದು ಅಜ್ಜಿ ತೀರಿಕೊಂಡ ಮೇಲೆ. ನಾವಿದ್ದ ಚಾಳನ್ನು ಕೆಡವಿ ದೊಡ್ಡ ಕಟ್ಟಡ ಕಟ್ಟುವುದಕ್ಕೆ ಹೊರಟಿದ್ದರು. ಬೇರೆಯವರ ಮನೆ ಕಟ್ಟಿ ಕಟ್ಟಿ ಅಪ್ಪನ ಮೊಣಕಾಲು ಸವೆದಿದ್ದವು. ಗೌಂಡಿ ಕೆಲಸದವನಿಗೆ ಏಣಿ ಹತ್ತಲು ಆಗದಿದ್ದರೆ ಇನ್ನೇನಿದೆ? ಅಪ್ಪ ಅಳುಕುತ್ತಲೇ ಊರಿಗೆ ಫೋನು ಮಾಡಿದ. ದೊಡ್ಡಪ್ಪ ಹೆಚ್ಚು ಮಾತಾಡುವವನಲ್ಲ. ‘ಹಿತ್ತಲ ಮನಿ ಖಾಲಿ ಐತಿ, ಬರ್ರಿ’ ಅಂದ, ಇಟ್ಟ. ಅಪ್ಪ ಅದನ್ನೇ ನಮ್ಮೆದುರು ಎರಡು ಮೂರು ಸಲ ಆಡಿ ತೋರಿಸಿದ. ಆ ಎರಡು ಮಾತಿನಲ್ಲಿ ಪ್ರೀತಿ ಎಷ್ಟು, ಬೇಜಾರು ಎಷ್ಟು ಎಂದು ತೂಗಿ ನೋಡುತ್ತಿದ್ದನೋ ಏನೋ. ಕೊಪ್ಪಳದಲ್ಲಿ ರೈಲು ಇಳಿದು, ಗಂಟುಮೂಟೆಯೊಂದಿಗೆ ಬಸ್ಸು ಹತ್ತಿ, ಊರು ಮುಟ್ಟಿದಾಗ ಹಿತ್ತಲ ಮನೆ ಸಾರಿಸಿ, ಒಲೆಯ ಪಕ್ಕ ಕೊಡ ತುಂಬಿ ಇಟ್ಟಿತ್ತು. ದೊಡ್ಡವ್ವನ ಕೆಲಸ.

ಗೋವಾದಲ್ಲಿ ನಮ್ಮನ್ನು ಘಾಟಿ ಎಂದು ಕರೆಯುತ್ತಿದ್ದರು, ಘಟ್ಟದ ಮೇಲಿನವರು ಎಂದು. ಆ ಮಾತಿಗೆ ನಾನು ಸಾಲೆಯಲ್ಲಿ ಎಷ್ಟು ಜನರ ಜುಟ್ಟು ಹಿಡಿದಿದ್ದೆನೋ ಲೆಕ್ಕವಿಲ್ಲ. ಈಗ ಘಟ್ಟದ ಮೇಲೆ ಬಂದರೆ ಇಲ್ಲಿ ನಾವು ‘ಗೋವಾದವ್ರು’. ನಲ್ಲಿಯ ಹತ್ತಿರ ಕೊಡ ಇಟ್ಟರೆ ‘ಗೋವಾದವ್ರ ಪಾಳಿ’. ನಾನು ಕುಕನೂರಿನಲ್ಲಿ ಹೊಲಿಗೆ ಯಂತ್ರ ಇಟ್ಟು ಕುಳಿತರೆ ‘ಗೋವಾದಕಿ ಭಾರಿ ಜಂಪರ ಹೊಲೀತಾಳ’. ಹೋಗಲಿ, ಅದು ಹೊಗಳಿಕೆ ಎಂದು ಇಟ್ಟುಕೊಂಡೆ. ಗೋವಾದಲ್ಲೇ ಹುಟ್ಟಿ ಬೆಳೆದ ಅವ್ವ ಕನ್ನಡ ಕಲಿತದ್ದು ಅಜ್ಜಿಯಿಂದ, ಹಾಗಾಗಿ ಊರಿನ ಹುಡುಗಿಯರು ಮರೆತ ಮಾತುಗಳೆಲ್ಲ ಅವಳ ಬಾಯಲ್ಲಿ ಇದ್ದವು. ಅವಳು ಮಾತಾಡಿದರೆ ನೆರೆಹೊರೆಯ ಸೊಸೆಯಂದಿರು ಸೆರಗಿನಲ್ಲಿ ನಗುತ್ತಿದ್ದರು, ಮುದುಕಿಯರು ಮಾತ್ರ ‘ಇಕೀನ ನಮ್ಮಾಕಿ’ ಎನ್ನುತ್ತಿದ್ದರು. ಅವಳು ಬಡಿಯುತ್ತಿದ್ದ ರೊಟ್ಟಿಯೋ, ಗೋವಾದ ಚಿಕ್ಕ ಹಂಚಿಗೆ ತಕ್ಕಂತೆ ಅಂಗೈಯಷ್ಟು. ದೊಡ್ಡವ್ವ ಅದನ್ನು ಎತ್ತಿ ಬೆಳಕಿಗೆ ಹಿಡಿದು, ‘ಇದು ರೊಟ್ಟಿನೋ, ರೊಟ್ಟಿ ಮರಿನೋ?’ ಎಂದು ಕೇಳಿದ್ದಳು.

ಇದೆಲ್ಲ ನಗುತ್ತ ಕಳೆಯುವಂಥದ್ದು. ಕಳೆಯದ ಮಾತು ಒಂದಿತ್ತು. ‘ಹೊಲದ ಪಾಲು ಕೇಳಾಕ ಬಂದಾರ.’ ಇದನ್ನು ಯಾರು ಮೊದಲು ಅಂದರೋ ಗೊತ್ತಿಲ್ಲ, ಊರ ಬಾಯಿಗೆ ಬೀಗವಿಲ್ಲ. ಚಹಾದಂಗಡಿಯಲ್ಲಿ ಅಪ್ಪ ಹೋಗಿ ಕುಳಿತರೆ ಮಾತು ನಿಲ್ಲುತ್ತಿತ್ತು. ದೊಡ್ಡಪ್ಪ ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತದೇ ಇದ್ದದ್ದೇ ಅಪ್ಪನಿಗೆ ಹೆಚ್ಚು ಹೆದರಿಕೆ. ಅಪ್ಪನಿಗೆ ಹೊಲ ಬೇಡವಾಗಿತ್ತು. ಅವನಿಗೆ ಬೇಕಾಗಿದ್ದದ್ದು ದೊಡ್ಡಪ್ಪನ ಮನೆಯ ಬಾಗಿಲು ತೆರೆದಿರುವುದು, ತಾನು ಅಲ್ಲಿಗೆ ತಮ್ಮನಾಗಿ ಹೋಗಿ ಬರುವುದು, ಅಷ್ಟೆ. ಆ ಬಾಗಿಲು ಮುಚ್ಚಿದರೆ ನಮಗೆ ಊರೇ ಮುಚ್ಚಿದಂತೆ. ತಿರುಗಿ ಹೋಗೋಣವೆಂದರೆ ಗೋವಾದಲ್ಲಿ ಚಾಳೂ ಉಳಿದಿರಲಿಲ್ಲ.

ಆ ಹೆದರಿಕೆಗೆ ಅಪ್ಪ ಹಳ್ಳದ ಕಡೆ ಮುಖವನ್ನೇ ಮಾಡಲಿಲ್ಲ. ಹೊಲದ ದಾರಿಯಲ್ಲಿ ಕಂಡರೆ ಜನ ಏನಾದರೂ ಅಂದುಕೊಂಡಾರು ಎಂದು, ಬೆಳಗಿನ ಹೊರಕಡೆಗೂ ಊರಿನ ಇನ್ನೊಂದು ತುದಿಗೆ ನಡೆದು ಹೋಗುತ್ತಿದ್ದ. ಬಂದು ತಿಂಗಳುಗಳಾದರೂ, ಅಜ್ಜಿ ಜೀವಮಾನವಿಡೀ ಹೇಳಿದ ಹೊಲವನ್ನು ಅವನು ಕಣ್ಣಿನಿಂದ ನೋಡಿರಲಿಲ್ಲ. ‘ಒಮ್ಮೆ ಹೋಗಿ ನೋಡಿ ಬಾರಪ್ಪ, ನೋಡಿದರೆ ಸವೀತದೇನು?’ ಎಂದು ನಾನು ರೇಗುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಪ್ಪ ಬೀಡಿ ಹಚ್ಚುತ್ತಿದ್ದ.

ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ಊರೆಲ್ಲ ಸಜ್ಜೆ ಹಿಟ್ಟು ಬೀಸಿಸುವ ಗಡಿಬಿಡಿ. ನಮ್ಮ ಕಡೆ ಹೊಲ ಇದ್ದವರು ಇಲ್ಲದವರನ್ನು ಕರೆಯುತ್ತಾರೆ. ಮಗ್ಗುಲ ಮನೆಯ ಬಳೆಗಾರ ಸಾಹೇಬರಿಗೆ ಕರೆ ಬಂತು. ಸಾಲೆಯ ಮೇಷ್ಟ್ರಿಗೆ ಬಂತು. ಕುಕನೂರಿನಲ್ಲಿ ನನ್ನ ಅಂಗಡಿಯ ಪಕ್ಕ ಮಿಕ್ಸಿ ರಿಪೇರಿ ಮಾಡುವವನನ್ನೂ ಯಾರೋ ಕರೆದಿದ್ದರು. ದೊಡ್ಡವ್ವ ಕುಂಕುಮದ ಬಟ್ಟಲು ಹಿಡಿದು ಮನೆ ಮನೆ ತಿರುಗಿ ಕರೆಯುವುದನ್ನು ಅವ್ವ ಹಿತ್ತಲ ಬಾಗಿಲಿನಿಂದ ನೋಡಿದಳು. ಆಕೆ ನಮ್ಮ ಬಾಗಿಲ ಮುಂದೆಯೇ ಹಾದು ಹೋದಳು, ‘ಕೊಬ್ಬರಿ ಐತೇನ ನಿನ್ನಂತೇಕ?’ ಎಂದು ಕೇಳಿದಳು, ಒಂದು ಬಟ್ಟಲು ತೆಗೆದುಕೊಂಡಳು, ಹೋದಳು. ಬರ್ರಿ ಎಂಬ ಒಂದು ಮಾತು ಇಲ್ಲ.

ಹಿಂದಿನ ಸಂಜೆಯವರೆಗೂ ಕಾದೆವು. ಗೋವಾದ ಚಾಳಿನಲ್ಲಿ ಒಂದೇ ಗೋಡೆಯ ಆಚೆ ಈಚೆ ಇರುವವರೂ ಹಬ್ಬಕ್ಕೆ ಬಾಗಿಲಿಗೆ ಬಂದು, ನಿಂತು, ಕರೆದು ಹೋಗುತ್ತಿದ್ದರು. ಕರೆಯದೆ ಯಾರೂ ಯಾರ ಮನೆಗೂ ಹೋಗುತ್ತಿರಲಿಲ್ಲ. ನಮಗೆ ತಿಳಿದ ಮರ್ಯಾದೆ ಅದೊಂದೇ. ಕತ್ತಲಾದ ಮೇಲೆ ಅಪ್ಪ ಗೋಡೆ ನೋಡುತ್ತ, ‘ನಾವು ಹೊಲಕ್ಕ ಬರೂದು ಅವರಿಗೆ ಬ್ಯಾಡಾಗೇತಿ. ತಪ್ಪಲ್ಲ ಬಿಡು. ನಾನಿದ್ರೂ ಹೆದರತಿದ್ದೆ’ ಅಂದ. ನನಗೆ ಮೈಯೆಲ್ಲ ಉರಿಯಿತು. ಕೊಬ್ಬರಿ ಬೇಕು, ನಾವು ಬೇಡ! ಅವ್ವ ಮಾತ್ರ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ‘ತಾರಸಿ ಮ್ಯಾಲ ಬಿಡಲಾರದ್ದು ಊರಿಗೆ ಬಂದು ಬಿಡಬೇಕೇನು? ನಮ್ಮ ಚರಗ ನಾವು ಚೆಲ್ಲೂಣು. ಯಾರಿಗೂ ತ್ರಾಸ ಆಗಬಾರದು, ಅಷ್ಟ’ ಎಂದಳು. ಅಪ್ಪ ಒಪ್ಪಿದ. ನಸುಕಿನಲ್ಲೇ, ಯಾರೂ ಏಳುವ ಮುಂಚೆ ಹೋಗಿ ಬರುವುದು. ಹಳ್ಳದ ದಂಡೆ ಯಾರಪ್ಪನದೂ ಅಲ್ಲ, ಅಲ್ಲಿ ಮುಗಿಸುವುದು.

ಮನೆಗೆ ಕೀಲಿ ಹಾಕಿ ಹೊರಟೆವು. ತಣ್ಣನೆಯ ಬೆಳಗು, ಇಬ್ಬನಿಗೆ ಸೀರೆಯ ಅಂಚು ತೊಯ್ದು ಕಾಲಿಗೆ ಅಂಟುತ್ತಿತ್ತು. ಹಳ್ಳ ದಾಟಿದರೆ ಎದುರಿಗೆ ಎಲ್ಲೆಲ್ಲೂ ಬಿಳಿಜೋಳ. ನಾನು ಅಷ್ಟು ಹಸಿರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು, ಬಾಯಿ ತೆರೆದು ನಿಂತೆ. ಅಪ್ಪ ಮಾತ್ರ ಕಳ್ಳನ ಹಾಗೆ ಕತ್ತು ಚಾಚಿ ಗಿಡಗಳನ್ನು ಎಣಿಸುತ್ತಿದ್ದ. ದೊಡ್ಡಪ್ಪನ ಹೊಲ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಅದರಲ್ಲಿ ಬನ್ನಿಗಿಡ ಇದೆ ಎಂಬುದೊಂದೇ. ಅದಕ್ಕೆ ಬನ್ನಿಗಿಡ ಕಂಡ ಹೊಲವನ್ನೆಲ್ಲ ಬಿಟ್ಟು ಬಿಟ್ಟು ಮುಂದೆ ನಡೆಸಿದ. ಕೊನೆಗೆ ಗಿಡವೇ ಇಲ್ಲದ ಒಂದು ಹೊಲದ ಪಕ್ಕ, ಹಳ್ಳದ ದಂಡೆಯಲ್ಲಿ, ‘ಇಲ್ಲಿ ಯಾರ ತಂಟೆನೂ ಇಲ್ಲ’ ಎಂದು ಗಂಟು ಇಳಿಸಿದ.

ಐದು ಕಲ್ಲು ಆರಿಸಿ, ಸುಣ್ಣ ಹಚ್ಚಿ, ಬದುವಿನ ಮೇಲೆ ಸಾಲಾಗಿ ನೆಟ್ಟ. ಗೌಂಡಿಯ ಕೈ ನೋಡಿ, ದಾರ ಹಿಡಿದಷ್ಟು ನೆಟ್ಟಗೆ. ಪೂಜೆಯಾಯಿತು. ಅವ್ವ ಬುಟ್ಟಿ ಹಿಡಿದು ದಂಡೆಯ ಕಡೆ ತಿರುಗಿದಳು. ಅಲ್ಲಿ ಬರೀ ಜಾಲಿಮುಳ್ಳು, ಪ್ಲಾಸ್ಟಿಕ್ ಚೀಲ. ‘ಈ ಮುಳ್ಳಿಗೆ ಉಣಸಾಕ ಅಷ್ಟು ದೂರದಿಂದ ಬಂದೀವೇನು?’ ಎಂದು ಗೊಣಗಿ, ಅಪ್ಪ ಬೇಡ ಬೇಡ ಅನ್ನುವಷ್ಟರಲ್ಲಿ ಸೆರಗು ಸಿಕ್ಕಿಸಿ ಜೋಳದೊಳಗೆ ನುಗ್ಗಿಬಿಟ್ಟಳು. ‘ಹುಲಿಗ್ಯೋ!’ ಅಜ್ಜಿಯದೇ ದನಿ. ಅಪ್ಪ ತಲೆಯ ಮೇಲೆ ಕೈಹೊತ್ತು ನಿಂತ. ನಾನು ನೀರಿನ ತಂಬಿಗೆ ಹಿಡಿದು ಅವ್ವನ ಹಿಂದೆ ಓಡಿದೆ. ಮೊದಲ ಸಲ ಚರಗ ಮಣ್ಣಿಗೆ ಬಿತ್ತು. ಸದ್ದೇ ಬೇರೆ, ಸಿಮೆಂಟಿನ ಮೇಲೆ ಬಿದ್ದಂತಲ್ಲ. ಅವ್ವ ಅಳುತ್ತಿದ್ದಳು, ನಾನೂ.

ಹೊರಗೆ ಬರುವಷ್ಟರಲ್ಲಿ ದಂಡೆಯ ಮೇಲೆ ಒಬ್ಬ ಮೋಟಾರ್ ಸೈಕಲ್ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ. ಅಪ್ಪನನ್ನು ನೋಡಿದ, ಸುಣ್ಣ ಹಚ್ಚಿದ ಕಲ್ಲುಗಳ ಸಾಲು ನೋಡಿದ. ‘ನಿಮ್ಮ ಅಣ್ಣನ ಹೊಲದಾಗ ಕಲ್ಲು ನೆಟ್ಟೀರಲ್ಲ, ಅವರಿಗೆ ಹೇಳೀರೇನು?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಊರ ಕಡೆ ಗಾಡಿ ಬಿಟ್ಟ.

ಅಪ್ಪನ ಮುಖ ಸುಣ್ಣಕ್ಕಿಂತ ಬಿಳಿಯಾಯಿತು. ತಪ್ಪಿಸಿಕೊಳ್ಳಬೇಕೆಂದು ಊರೆಲ್ಲ ಸುತ್ತಿ ಸುತ್ತಿ, ಸರಿಯಾಗಿ ಆ ಹೊಲಕ್ಕೇ ಬಂದು ನಿಂತಿದ್ದೆವು. ಅದೂ ಬದುವಿನ ಮೇಲೆ ಕಲ್ಲು ನೆಟ್ಟು! ಎರಡು ಪಾಲಾಗುವ ಹೊಲದಲ್ಲಿ ಗಡಿ ಹಾಕುವುದು ಹೀಗೆಯೇ ಎಂದು ಆಮೇಲೆ ಗೊತ್ತಾಯಿತು. ‘ನಡೀರಿ, ನಡೀರಿ’ ಎಂದು ಅಪ್ಪ ಗಂಟು ಕಟ್ಟುವಷ್ಟರಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಟ್ರೇಲರಿನ ತುಂಬ ಬುತ್ತಿಯ ಬುಟ್ಟಿಗಳು, ಜನ. ಮುಂದೆ ದೊಡ್ಡಪ್ಪ. ಎಲ್ಲರೆದುರು ಇನ್ನೇನು ಕೇಳಬೇಕಾಗುತ್ತದೋ, ಸಾಮಾನು ಕಟ್ಟಿಕೊಂಡು ಯಾವ ಊರಿಗೆ ಹೋಗುವುದೋ ಎಂದು ಅಲ್ಲಿಯೇ ಲೆಕ್ಕ ಹಾಕತೊಡಗಿದ್ದೆ.

ದೊಡ್ಡಪ್ಪ ಇಳಿದ. ಕಲ್ಲು ನೋಡಿದ. ಜೋಳದ ದಂಟಿನ ಮೇಲೆ ಅಂಟಿದ ಬಾನದ ಅಗಳು ನೋಡಿದ.

‘ಚರಗ ಚೆಲ್ಲಿ ಮುಗಿಸಿದ್ಯಾ?’

‘ಅಣ್ಣಾ, ಇದು ನಿಮ್ಮ ಹೊಲಂತ ಗೊತ್ತಿರಲಿಲ್ರಿ’ ಎಂದ ಅಪ್ಪ. ‘ದೇವರಾಣಿ. ಪಾಲು ಗೀಲು ನನ್ನ ಮನಸಿನ್ಯಾಗ ಇಲ್ರಿ. ಈ ಕಲ್ಲು ಈಗ ಕಿತ್ತು ಒಗೀತೀನಿ.’ ನೋಯುವ ಮೊಣಕಾಲು ಊರಿ ಬಗ್ಗಿಯೇ ಬಿಟ್ಟ.

‘ಮುಟ್ಟಬ್ಯಾಡ!’ ದೊಡ್ಡಪ್ಪ ಗುಡುಗಿದ. ‘ದೇವ್ರು ಮಾಡಿ ಕುಂದ್ರಿಸಿ, ಕಿತ್ತು ಒಗೀತಾನಂತ. ಹೊಲದ ಮಾತು ಯಾರು ಕೇಳಿದ್ರೋ ನಿನ್ನ? ನಾ ಕೇಳಿದ್ದು ಚರಗದ್ದು. ಬ್ಯಾರೆ ಚರಗ ಯಾಕ ಚೆಲ್ಲಿದಿ? ನಾವು ಬ್ಯಾರೆ ಆಗೀವೇನು? ಯಾವಾಗ ಆದ್ವಿ? ನನಗಂತೂ ಗೊತ್ತಿಲ್ಲ!’

ನಮಗೆ ಮೂವರಿಗೂ ಏನೂ ತಿಳಿಯಲಿಲ್ಲ. ಅಪ್ಪ ಬಗ್ಗಿದಲ್ಲೇ ಇದ್ದ. ದೊಡ್ಡವ್ವ ಟ್ರೇಲರಿನಿಂದ ಇಳಿದು ಬಂದು ಅವ್ವನಿಗೆ ಬಿಡಿಸಿ ಹೇಳಿದಳು. ಒಂದು ಮನೆಯವರು ಬೇರೆ ಬೇರೆಯಾಗಿ ಚರಗ ಚೆಲ್ಲುವುದು ಪಾಲಾದ ಮೇಲೆ ಮಾತ್ರವಂತೆ. ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದರೂ ಪಾಲಾಗುವ ತನಕ ಅವತ್ತೊಂದು ದಿನ ಒಂದೇ ಬುಟ್ಟಿಯಂತೆ. ‘ನಿಮ್ಮ ಬಾಗಲದಾಗ ಟ್ರ್ಯಾಕ್ಟರ ನಿಲ್ಲಿಸಿ ಎಷ್ಟು ಹೊತ್ತು ಹಾರ್ನ ಹೊಡದೀವಿ ಗೊತ್ತೇನ? ಓಣಿ ನಾಯಿ ಎಲ್ಲಾ ಎದ್ದು ಬಂದ್ವು, ನೀವು ಬರಲಿಲ್ಲ. ಕೀಲಿ ನೋಡಿ ಇವ್ರು, ತಮ್ಮ ನಮ್ಮನ್ನ ಬಿಟ್ಟ ನೋಡು, ಅಂತ ಅಲ್ಲೇ ಕಟ್ಟಿ ಮ್ಯಾಲ ಕುಂತಬಿಟ್ರು.’

ಅವ್ವನಿಗೆ ಆಗ ಮಾತು ಬಂತು. ‘ಮತ್ತ ನೀವು ಕರೀಲೇ ಇಲ್ಲಲ್ಲಕ್ಕಾ! ಊರಿಗೆಲ್ಲಾ ಕರದ್ರಿ, ನಮ್ಮ ಬಾಗಲದ ಮುಂದ ಹಾದು ಹೋದ್ರಿ, ನಮ್ಮನ್ನ ಕರೀಲಿಲ್ಲ.’

ದೊಡ್ಡವ್ವ ಅವ್ವನನ್ನು ನೋಡಿದಳು. ನಿಜವಾಗಿಯೂ ಅರ್ಥವಾಗದವರು ನೋಡುವ ಹಾಗೆ. ‘ನಿನ್ನ ಹೆಂಗ ಕರೀಲೇ? ಮಂದೀನ ಕರೀತಾರ. ಮನಿಯವ್ರನ್ನ ಯಾರರ ಕರೀತಾರೇನು? ನನ್ನ ನಾ ಕರಕೊಳ್ಳಲ್ಯಾ?’

ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ನನಗೆ ಅದು ಮೈಯಲ್ಲೇ ಆಯಿತು. ಬದುವಿನ ಮೇಲೆ ಕುಳಿತುಬಿಟ್ಟೆ, ನಗು ತಡೆಯಲಾಗಲಿಲ್ಲ. ಊರಿಗೆ ಬಂದಾಗಿನಿಂದ ನಾವು ಹೆದರಿದ್ದದ್ದು ಪಾಲು ಕೇಳಿದೆವು ಎಂದಾರು ಅಂತ. ದೊಡ್ಡಪ್ಪ ಹೆದರಿದ್ದದ್ದು ನಾವು ಬೇರೆಯಾದೆವು ಅಂತ. ಹೊರೆಯಾಗಬಾರದು ಎಂದು ನಸುಕಿನಲ್ಲಿ ಎದ್ದು ಬಂದು, ಯಾರೂ ಹೇಳದ ಪಾಲನ್ನು ನಾವೇ ಸಾರಿಬಿಟ್ಟಿದ್ದೆವು. ಅಪ್ಪ ಮೊಣಕಾಲ ಮೇಲೆಯೇ ಇದ್ದು ಮುಖ ಮುಚ್ಚಿಕೊಂಡು ಅತ್ತ. ಅಷ್ಟು ದೊಡ್ಡ ಮನುಷ್ಯ ಅಷ್ಟು ಜನರೆದುರು ಅತ್ತದ್ದಕ್ಕೆ ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

‘ಅಳೂದು ಆಮ್ಯಾಲ, ಹೊತ್ತೇರಾಕತೈತಿ’ ಎಂದು ದೊಡ್ಡವ್ವ ನಮ್ಮ ಬುಟ್ಟಿಯಲ್ಲಿ ಉಳಿದ ಚರಗವನ್ನು ತನ್ನ ಬುಟ್ಟಿಗೆ ಸುರಿದು, ಎರಡನ್ನೂ ಕೈಯಿಂದ ಕಲಸಿದಳು. ಒಮ್ಮೆ ಚೆಲ್ಲಿದ ಹೊಲಕ್ಕೆ ಮತ್ತೆ ಚೆಲ್ಲಬಹುದೇ ಎಂದು ಯಾರೋ ಶಾಸ್ತ್ರ ತೆಗೆದರು. ‘ಭೂಮಿತಾಯಿ ಒಂದು ತುತ್ತು ಹೆಚ್ಚಿಗಿ ಉಂಡ್ರ ಆಕಿ ಹೊಟ್ಟೇನು ಒಡಿಯೂದಿಲ್ಲ’ ಎಂದು ಅವರ ಬಾಯಿ ಮುಚ್ಚಿಸಿದಳು. ದೊಡ್ಡಪ್ಪ ಬುಟ್ಟಿ ಎತ್ತಿದ, ತಂಬಿಗೆಯನ್ನು ಅಪ್ಪನ ಕೈಗೆ ಕೊಟ್ಟ. ಮುಂದೆ ಅಣ್ಣ ಚರಗ ಚೆಲ್ಲುತ್ತ, ಹಿಂದೆ ತಮ್ಮ ನೀರು ಚಿಮುಕಿಸುತ್ತ, ಜೋಳದ ನಡುವೆ ಇಬ್ಬರ ಹೆಗಲು, ರುಮಾಲು ಮಾತ್ರ ಕಾಣುತ್ತಿದ್ದವು. ತಿರುಗಿ ಬಂದಾಗ ಅಪ್ಪ ಅಳುಕುತ್ತಲೇ ಬನ್ನಿಗಿಡದ ಸುದ್ದಿ ಕೇಳಿದ. ‘ಅದು ಗಾಳಿಗೆ ಬಿದ್ದು ಯಾವ ಕಾಲ ಆತು’ ಎಂದ ದೊಡ್ಡಪ್ಪ. ಪಾಪ ಅಜ್ಜಿ, ಬಿದ್ದ ಗಿಡವನ್ನು ತಾರಸಿಯ ಮೇಲೆ ನಿಲ್ಲಿಸಿಕೊಂಡೇ ಹೋದಳು.

ಊಟಕ್ಕೆ ಕುಳಿತಾಗ ಅವ್ವನ ಅಂಗೈ ರೊಟ್ಟಿ ಕೈಯಿಂದ ಕೈಗೆ ಹೋಯಿತು. ಬೇಕಾದಷ್ಟು ನಕ್ಕರು, ಒಂದೂ ಉಳಿಸಲಿಲ್ಲ. ಪಾಲಿನ ಮಾತು ಅವತ್ತೂ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಮುಂದೆ ಮಕ್ಕಳ ಕಾಲಕ್ಕೆ ಬಂದರೂ ಬಂದೀತು, ನಾನೇನು ಭವಿಷ್ಯ ಹೇಳುವವಳಲ್ಲ. ಚಹಾದಂಗಡಿಯಲ್ಲಿ ಈಗಲೂ ನಾವು ಗೋವಾದವರೇ. ಆದರೆ ಅಪ್ಪ ಹೋಗಿ ಕುಳಿತರೆ ಮಾತು ನಿಲ್ಲುವುದಿಲ್ಲ.

ಅವತ್ತು ಟ್ರೇಲರಿನಲ್ಲಿ ಮರಳುವಾಗ ಅಪ್ಪ ಮೆಲ್ಲಗೆ, ‘ಅಣ್ಣಾ, ನಾಳಿ ಹೊಲಕ್ಕ ಬರ್ಲೇನ್ರಿ? ಹಕ್ಕಿ ಕಾಯಾಕ’ ಎಂದು ಕೇಳಿದ. ದೊಡ್ಡಪ್ಪನಿಗೆ ಮತ್ತೆ ಸಿಟ್ಟು ಬಂತು. ‘ಬರ್ಲೇನಂತ ಇನ್ನ ಮ್ಯಾಲ ಕೇಳಿದ್ರ ನೋಡು. ಬರಲಿಲ್ಲ ಅಂದ್ರ ನಾ ಕೇಳ್ತೀನಿ’ ಎಂದ.

ಅಪ್ಪ ದಿನಾ ಹೋಗತೊಡಗಿದ. ಕವಣೆ ಬೀಸಲು ಬಾರದೆ ಕಲ್ಲು ತನ್ನ ಬೆನ್ನಿಗೇ ಹೊಡೆದುಕೊಂಡು ಬಂದು ಅವ್ವನಿಂದ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಒಂದು ಬೆಳಗ್ಗೆ ಮೈ ಕಾದು, ಕಂಬಳಿ ಹೊದ್ದು ಮಲಗಿದ್ದ. ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ದೊಡ್ಡಪ್ಪ ಹಿತ್ತಲ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಒಳಗೆ ಬಗ್ಗಿ, ‘ಯಾಕ ಬರಲಿಲ್ಲ?’ ಎಂದು ಕೇಳಿದ. ಅಪ್ಪ ಕಂಬಳಿಯೊಳಗಿನಿಂದ ನನ್ನ ಕಡೆ ನೋಡಿ ನಕ್ಕ.